ಗಿರಣಿ ಕಲಿಸಿದ ಸಾ

ನನಗೆ ಹಾಡು ಕಲಿಸಿದ್ದು ಒಂದು ಮೋಟರು. ತಮಾಷೆಗೆ ಹೇಳುತ್ತಿಲ್ಲ, ನಾಚಿಕೊಂಡೂ ಹೇಳುತ್ತಿಲ್ಲ. ದಾವಣಗೆರೆಯ ಹಳೇ ಪೇಟೆಯ ಹಿಂದಿನ ಓಣಿಯಲ್ಲಿ ನಮ್ಮಪ್ಪನ ಹಿಟ್ಟಿನ ಗಿರಣಿ ಇದೆ. ಅಪ್ಪನ ಬಲಭುಜ ಮೇಲೇಳುವುದನ್ನು ನಿಲ್ಲಿಸಿದ ವರ್ಷ ನಾನು ಪಿಯುಸಿ ಮುಗಿಸಿದ್ದೆ. ಆವತ್ತಿನಿಂದ ಬೆಳಿಗ್ಗೆ ಕಾಲೇಜಿಗೆ ಮುಂಚೆ, ಸಂಜೆ ಕಾಲೇಜಿನ ನಂತರ, ಗಿರಣಿ ನನ್ನದು. ಡಬ್ಬಿ ಎತ್ತಿ ಗಿರಣಿಯ ಬಾಯಿಗೆ ಸುರಿಯುವುದು, ಕೆಳಗಿಳಿದ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ ಕಲ್ಲು ಬಿಗಿ ಮಾಡುವುದು, ಕೂದಲು ರೆಪ್ಪೆ ಎಲ್ಲ ಬೆಳ್ಳಗೆ ಮಾಡಿಕೊಂಡು ಮನೆಗೆ ಹೋಗುವುದು.

ಆ ಗಿರಣಿಯಲ್ಲಿ ನನಗೆ ಸಿಕ್ಕ ದೊಡ್ಡ ಸ್ವಾತಂತ್ರ್ಯ ಏನೆಂದರೆ, ಅದು ಓಡುವಾಗ ಎಷ್ಟು ಜೋರಾಗಿ ಹಾಡಿದರೂ ಯಾರಿಗೂ ಕೇಳಿಸುವುದಿಲ್ಲ. ಮನೆಯಲ್ಲಿ ಬಾಯಿ ತೆಗೆದರೆ ನಮ್ಮ ಜೊತೆಗೇ ಇರುವ ಸೋದರತ್ತೆ ಅಡುಗೆಮನೆಯಿಂದಲೇ ಶುರು ಮಾಡುತ್ತಿದ್ದಳು.

"ಏ ಯಾಕ ಹಂಗೆ ಒದರ್ತೀ? ಹಲ್ಲು ನೋವೇನು?"

ಗಿರಣಿಯಲ್ಲಿ ಆ ಕಾಟ ಇರಲಿಲ್ಲ. ಕಾಳಿಲ್ಲದೆ ಬರಿದೇ ಓಡುವಾಗ ಅದು ಒಂದು ಸ್ವರ ಹಿಡಿಯುತ್ತಿತ್ತು. ಹೊರಗಿನವರಿಗೆ ಅದು ಬರೀ ಗದ್ದಲ. ಒಳಗೆ ನಿಂತು ಕಿವಿ ಒಗ್ಗಿಸಿಕೊಂಡರೆ ಗದ್ದಲದ ನಡುವೆ ನೇರವಾದ ಒಂದು ದಾರ ಸಿಗುತ್ತಿತ್ತು. ರಾತ್ರಿ ಫೋನಿನಲ್ಲಿ ದೊಡ್ಡ ದೊಡ್ಡ ಗಾಯಕರ ವಿಡಿಯೊ ನೋಡಿ, ಅವರು ಷಡ್ಜವನ್ನು ಹೇಗೆ ಹಚ್ಚುತ್ತಾರೆ, ಯಾವಾಗ ಉಸಿರು ತೆಗೆದುಕೊಳ್ಳುತ್ತಾರೆ, ಬಾಯಿ ಎಷ್ಟು ತೆರೆಯುತ್ತಾರೆ ಎಂದು ನಿಲ್ಲಿಸಿ ನಿಲ್ಲಿಸಿ ನೋಡುವುದು. ಮಾರನೇ ಬೆಳಿಗ್ಗೆ ಗಿರಣಿಯ ಆ ದಾರವನ್ನೇ ನನ್ನ ಸಾ ಎಂದುಕೊಂಡು ಹಾಡುವುದು. ಹೀಗೆ ನಾಲ್ಕು ವರ್ಷ. ಭೂಪಾಲಿ, ಯಮನ್, ದುರ್ಗಾ, ಎಲ್ಲ ನನ್ನ ಲೆಕ್ಕದಲ್ಲಿ ಬಂದುಬಿಟ್ಟಿದ್ದವು. ನಾನು ತಯಾರಾಗಿದ್ದೇನೆ ಎಂದೇ ನಂಬಿದ್ದೆ.

ಆ ನಂಬಿಕೆಯಲ್ಲಿ ಒಂದು ಶನಿವಾರ ತಲೆಗೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಚೂಡಿದಾರ ಹಾಕಿಕೊಂಡು, ಊರಿನ ಹೊಸ ಬಡಾವಣೆಯಲ್ಲಿದ್ದ ಸಂಗೀತ ಕ್ಲಾಸಿಗೆ ಹೋದೆ. ಅಲ್ಲಿ ಕಲಿಸುವ ಮೇಡಂ ಹಾರ್ಮೋನಿಯಂ ಮುಂದೆ ಕೂತಿದ್ದರು. ಒಬ್ಬ ಅಣ್ಣ ತಬಲಾ ಇಟ್ಟುಕೊಂಡು ಕೂತಿದ್ದ. ಹತ್ತಾರು ಹುಡುಗಿಯರು ಗೋಡೆಗೆ ಸಾಲಾಗಿ.

"ಯಾವ ಶ್ರುತಿ ನಿಂದು?" ಅಂದರು ಮೇಡಂ.

ಈ ಪ್ರಶ್ನೆ ನನಗೆ ಯಾರೂ ಕೇಳಿರಲಿಲ್ಲ. ಹಾಡಿ ತೋರಿಸಿದೆ. ಮೇಡಂ ಹಾರ್ಮೋನಿಯಂನ ಬಿಳಿ ಮನೆಗಳಲ್ಲಿ ಐದನೆಯದನ್ನು ಒತ್ತಿದರು. ನಾನು ಅದಕ್ಕಿಂತ ಮೇಲಿದ್ದೆ. ಪಕ್ಕದ ಕರಿ ಮನೆ ಒತ್ತಿದರು. ಅದಕ್ಕಿಂತ ಕೆಳಗಿದ್ದೆ. ಮತ್ತೆ ಬಿಳಿ, ಮತ್ತೆ ಕರಿ.

"ಎರಡು ಮನೆ ನಡುವಿನ ಗೋಡೆ ಮೇಲೆ ನಿಂತಿದ್ದೀಯಲ್ಲಮ್ಮ," ಅಂದರು. ಹುಡುಗಿಯರು ನಕ್ಕರು. "ಅದೂ ಹೋಗ್ಲಿ, ಗೋಡೆ ಮೇಲಾದ್ರೂ ಸುಮ್ಮನೆ ನಿಲ್ತೀಯ ಅಂದ್ರೆ ಅದೂ ಇಲ್ಲ. ಜಾರ್ತೀಯ, ಹತ್ತುತೀಯ, ಜಾರ್ತೀಯ."

"ತಿದ್ದಿಕೊಳ್ತೀನಿ ಮೇಡಂ. ನಾಲ್ಕು ವರ್ಷದಿಂದ ಹಾಡ್ತಿದೀನಿ."

"ಏನೂ ಬರದೇ ಇರೋರಿಗೆ ಕಲಿಸಬಹುದು. ತಪ್ಪಾಗಿ ನಾಲ್ಕು ವರ್ಷ ಕಲಿತಿರೋದನ್ನ ಬಿಡಿಸೋದು ನನ್ನ ಕೈಲಿ ಆಗಲ್ಲ. ನಿಂಗೆ ಆಸೆ ಇದ್ರೆ ಕರೋಕೆ ಹಾಡ್ಕೊ, ಕಂಠ ಚೆನ್ನಾಗಿದೆ."

ಕಂಠ ಚೆನ್ನಾಗಿದೆ ಎಂದು ಯಾರಾದರೂ ಹೇಳಿದರೆ ಖುಷಿಯಾಗಬೇಕು. ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಎದ್ದು ನಿಂತು, "ಕರೋಕೆ ಹಾಡಕ್ಕೆ ನಾನು ತಲಿಸ್ನಾನ ಮಾಡ್ಕೊಂಡು ಬರ್ತಿರಲಿಲ್ರಿ," ಎಂದು ಹೇಳಿ ಹೊರಗೆ ಬಂದೆ. ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ತಬಲಾ ಅಣ್ಣ ನೀರು ಕುಡಿಯುವ ನೆಪದಲ್ಲಿ ಹೊರಗೆ ಬಂದ.

"ಹರಿಹರದಾಗೆ ಒಬ್ಬರು ಅದಾರೆ," ಅಂದ ಮೆಲ್ಲಗೆ. "ಗುತ್ತೂರು ರಸ್ತೆ ಕಡೆ. ಫ್ಯಾಕ್ಟ್ರಿಯಾಗಿದ್ದು ರಿಟೈರ್ ಆಗ್ಯಾರೆ. ಯಾರನ್ನೂ ಸೇರಿಸ್ಕಳಲ್ಲ. ಬಾಳ ಸಿಡುಕು. ನೀನೂ ಹಂಗೇ ಇದೀ, ಹೋಗಿ ನೋಡು."

ಮಾರನೇ ದಿನ ಭಾನುವಾರ. ಅಮಾವಾಸ್ಯೆಯೂ ಇತ್ತು. ಹರಿಹರದ ಬಸ್ಸು ತುಂಬ ಉಕ್ಕಡಗಾತ್ರಿಯ ಗದ್ದುಗೆಗೆ ನಡೆದುಕೊಳ್ಳಲು ಹೋಗುವ ಜನ, ಕಾಯಿ ಬುಟ್ಟಿ, ಮಡಿಲಲ್ಲಿ ಮಕ್ಕಳು. ಒಂದೇ ಕಾಲಿನ ಮೇಲೆ ನಿಂತು ಹೋದೆ. ಗುತ್ತೂರು ಕಡೆಯ ಒಂದು ಸಣ್ಣ ಮನೆ, ಮುಂದೆ ಕರಿಬೇವಿನ ಗಿಡ. ಆ ಯಜಮಾನರು ಬನಿಯನ್ ಹಾಕಿಕೊಂಡು ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದರು. ಬಂದ ಕಾರಣ ಹೇಳಿದೆ. ತಲೆ ಎತ್ತಲಿಲ್ಲ.

"ಸಾ ಹಚ್ಚು," ಅಂದರು.

ಅಲ್ಲೇ ಅಂಗಳದಲ್ಲಿ ನಿಂತು ಹಚ್ಚಿದೆ. ಉಸಿರು ಮುಗಿಯುವವರೆಗೆ. ಮತ್ತೆ. ಮತ್ತೆ. ಮೂರನೇ ಸಲಕ್ಕೆ ಎಣ್ಣೆ ಡಬ್ಬಿ ಕೆಳಗಿಟ್ಟರು.

"ಎಲ್ಲಿ ಕಲ್ತೆ?"

"ಎಲ್ಲೂ ಇಲ್ರಿ. ಫೋನ್ ನೋಡಿ ಕಲ್ತೆ."

"ಸುಳ್ಳು ಹೇಳ್ಬ್ಯಾಡ. ಫೋನಿಗೆ ಲೋಡ್ ಬೀಳಲ್ಲ." ಕೈ ಒರೆಸಿಕೊಳ್ಳುತ್ತ ನನ್ನ ಮುಖ ನೋಡಿದರು. "ನಾನು ಜೀವಮಾನ ಎಲ್ಲ ಲೇತ್ ಮಷೀನ್ ಮುಂದೆ ನಿಂತಿದೀನಿ. ನಿನ್ನ ಸಾ ಮನುಷ್ಯರ ಹತ್ರ ಕಲ್ತಿದ್ದಲ್ಲ, ಮೋಟರ್ ಹತ್ರ ಕಲ್ತಿದ್ದು. ತಟಕ್ಕನ ಕೂರ್ತೈತೆ, ಆಮೇಲೆ ಮೆಲ್ಲಕೆ ಏಳ್ತೈತೆ. ಏನು ನಿಮ್ದು, ಗಿರಣಿನಾ, ಬೋರ್‌ವೆಲ್ಲಾ?"

"ಗಿರಣಿ ರೀ," ಎಂದೆ. ನಾಲ್ಕು ವರ್ಷ ಆ ಗಿರಣಿಯಲ್ಲಿ ನಿಂತಿದ್ದವಳು ನಾನು. ಕಾಳು ಬಿದ್ದ ಕೂಡಲೇ ಮೋಟರಿಗೆ ಭಾರ ಬಿದ್ದು ಅದರ ಸದ್ದು ಒಂದು ಎಳೆ ಕೆಳಗಿಳಿಯುತ್ತದೆ, ಕಾಳು ಮುಗಿಯುತ್ತ ಬಂದಂತೆ ಮತ್ತೆ ಮೇಲೇಳುತ್ತದೆ. ಇದು ನನಗೆ ಗೊತ್ತೇ ಇತ್ತು. ಹಿಟ್ಟಿನವಳಾಗಿ ಗೊತ್ತಿತ್ತು. ಆದರೆ ಹಾಡುವವಳಾಗಿ ನಾನೂ ಅದರ ಜೊತೆ ಇಳಿದು ಏಳುತ್ತಿದ್ದೆ ಎಂದು ಗೊತ್ತೇ ಇರಲಿಲ್ಲ. ಅಂಗಳದಲ್ಲಿ ಗಿರಣಿ ಇರಲಿಲ್ಲ, ಜೋಳ ಇರಲಿಲ್ಲ. ನನ್ನ ಗಂಟಲಿನಲ್ಲಿ ಮಾತ್ರ ಯಾರೋ ಡಬ್ಬಿ ಸುರಿಯುತ್ತಲೇ ಇದ್ದರು.

ಆಗ ಬಾಗಿಲಿಗೆ ಅವರ ಹೆಂಡತಿ ಬಂದರು. "ಗಿರಣಿ ಹುಡುಗಿಗೆ ಕುಂದ್ರು ಅನ್ರೀ ಮೊದ್ಲು. ನಿಂತ ಹುಡುಗೀನ ನಿಂತಂಗೇ ಬಿಚ್ಚಿ ರಿಪೇರಿ ಮಾಡ್ತಾರೆ, ಸೈಕಲ್ ಅಂದ್ಕೊಂಡ್ರೇನು?" ಅಂದು ನನಗೆ ಅವಲಕ್ಕಿ ಕೊಟ್ಟರು. ಒಳಗೆ ಮೂಲೆಯಲ್ಲಿ ಒಂದು ತಂಬೂರಿ ಇತ್ತು. ಅದು ಆಕೆಯದೇ. ಹಾಡುವುದು ಬಿಟ್ಟು ಬಹಳ ವರ್ಷವಾಗಿದ್ದರೂ ಮಾತು ಮಾತ್ರ ಇನ್ನೂ ಮೇಲಿನ ಸ್ಥಾಯಿಯಲ್ಲೇ ಇತ್ತು.

ಅವಲಕ್ಕಿ ಮುಗಿಯುವಷ್ಟರಲ್ಲಿ ಯಜಮಾನರು ತಮ್ಮ ಷರತ್ತು ಹೇಳಿದರು. ಆರು ತಿಂಗಳು ಗಿರಣಿಯಲ್ಲಿ ಬಾಯಿ ತೆಗೆಯಬಾರದು. ರಾಗ, ಅದರಲ್ಲಿ ಕಟ್ಟಿದ ಚೀಜು, ಎಲ್ಲ ಬಂದ್. ತಂಬೂರಿ ಜೊತೆ ಸಾ ಮಾತ್ರ. ಅದು ನಿಂತರೆ ಕಲಿಸುತ್ತೇನೆ, ನಿಲ್ಲದಿದ್ದರೆ ಇಲ್ಲ.

ಸಾ ಮಾತ್ರ ಎಂದದ್ದಕ್ಕೆ ನಾನು ತಲೆ ಆಡಿಸಿದೆ. ಗಿರಣಿ ಎಂದದ್ದಕ್ಕೆ ಆಡಿಸಲಿಲ್ಲ.

"ಗಿರಣಿ ಬಿಡಲ್ರಿ."

"ಹಂಗಾರೆ ಸಾ ನಿಲ್ಲಲ್ಲ."

"ಎಲ್ಲಿ ಕೆಟ್ಟೈತೋ ಅಲ್ಲೇ ನಿಲ್ಲಿಸ್ತೀನ್ರಿ. ನೀವು ಬೇಕಾರೆ ಗಿರಣಿಗೇ ಬಂದು ಪರೀಕ್ಷೆ ಮಾಡ್ರಿ. ಯಾರಾರ ಜ್ವಾಳ ಸುರೀಲಿ, ನಾನು ಹಾಡ್ತೀನಿ. ಒಂದು ಎಳಿ ಇಳಿದ್ರೆ ನಾನೇ ಬಿಡ್ತೀನಿ, ನಿಮ್ಮ ಮನಿ ಕಡೆ ತಲಿ ಹಾಕಲ್ಲ."

ಹೇಳಿದ ಮೇಲೆ ನನಗೇ ಭಯವಾಯಿತು. ಅಷ್ಟು ದೊಡ್ಡ ಮಾತು ಯಾಕೆ ಆಡಿದೆ ಎಂದು ಈಗಲೂ ಸರಿಯಾಗಿ ಗೊತ್ತಿಲ್ಲ. ಅಪ್ಪನ ಭುಜದ ಕಾರಣ ಗಿರಣಿ ಬಿಡುವ ಹಾಗಿರಲಿಲ್ಲ, ಅದು ನಿಜ. ಆದರೆ ಅಲ್ಲಿ ಬಾಯಿ ಮುಚ್ಚಿಕೊಂಡು ದುಡಿಯಬಹುದಿತ್ತಲ್ಲ. ನಾನು ಸಾ ಎನ್ನುವುದನ್ನು ಮೊದಲು ಕೇಳಿದ್ದು ಅಲ್ಲಿ. ಅದನ್ನು ಕೊಳಕು ಅನ್ನುವ ಹಾಗೆ ಒರೆಸಿ ಬಾ ಎಂದರೆ ನಾನು ಒಪ್ಪುವವಳಲ್ಲ. ಅಷ್ಟೇ.

ಯಜಮಾನರು ಹೆಂಡತಿಯ ಕಡೆ ನೋಡಿದರು. ಆಕೆ, "ಬಾಯಿ ಜೋರೈತೆ. ಗಂಟಲೂ ಹಂಗೇ ಐತಾ ನೋಡನ ತಡೀರಿ," ಅಂದರು.

"ಶ್ರಾವಣದಾಗೆ ಬರ್ತೀನಿ," ಅಂದರು ಅವರು. "ಅಲ್ಲೀತನ ಪ್ರತಿ ಭಾನುವಾರ ಬಂದು ಸಾ ಹಚ್ಚಿ ಹೋಗು. ತಂಬೂರಿ ಹೆಂಗೆ ಕೇಳ್ಬೇಕು ಅಂತ ತೋರಿಸ್ತೀನಿ. ಕಲಿಸ್ತೀನಿ ಅಂತ ಹೇಳ್ತಿಲ್ಲ ಮತ್ತೆ."

ಆಗ ಚಳಿಗಾಲದ ಕೊನೆ. ಶ್ರಾವಣಕ್ಕೆ ಸುಮಾರು ಆರು ತಿಂಗಳಿತ್ತು.

ಮೊದಲ ತಿಂಗಳು ನಾನು ಗಿರಣಿಯ ಮೇಲೆ ಜಗಳಕ್ಕೆ ಬಿದ್ದೆ. ಒಂದು ಕಿವಿಗೆ ಇಯರ್‌ಫೋನ್, ಅದರಲ್ಲಿ ಫೋನಿನ ತಂಬೂರಿ. ಇನ್ನೊಂದು ಕಿವಿಗೆ ಗಿರಣಿ. ಕಾಳು ಸುರಿದು, ಅದು ಇಳಿಯುವಾಗ ನಾನು ಗಂಟಲು ಬಿಗಿದು ಸಾ ಹಿಡಿದು ನಿಲ್ಲುತ್ತಿದ್ದೆ. ಕತ್ತಿನ ನರ ಉಬ್ಬುತ್ತಿತ್ತು. ಮೂರನೇ ವಾರಕ್ಕೆ ಧ್ವನಿ ಪೂರ್ತಿ ಹೋಯಿತು. ಗಿರಾಕಿಗಳಿಗೆ ಕೈಸನ್ನೆ ಮಾಡಿ "ಗೋಧಿನಾ, ರಾಗಿನಾ" ಎಂದು ಕೇಳುವ ಗತಿ ಬಂತು. ಅತ್ತೆಗೆ ಹಬ್ಬ.

"ಏಳು ಅಕ್ಷರ ಅದಾವಂತೆ ಸಂಗೀತದಾಗೆ. ಇವ್ಳು ಮೊದಲ್ನೇದ್ರಾಗೇ ಫೇಲ್."

ಭಾನುವಾರ ಹರಿಹರಕ್ಕೆ ಹೋಗಿ ಪಿಸುಮಾತಿನಲ್ಲಿ ವಿಷಯ ಹೇಳಿದೆ. ಯಜಮಾನರು ಬೈಯಲಿಲ್ಲ. ಒಂದು ಪೆನ್ಸಿಲ್ ಕೊಟ್ಟು, ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಹಾಳೆಯ ಮೇಲೆ ನೇರ ಗೆರೆ ಎಳೆ ಎಂದರು. ಗೆರೆ ನಡುಗಿತು. ಬೆರಳಲ್ಲಿ ಹಗುರಾಗಿ ಹಿಡಿದು ಎಳೆ ಎಂದರು. ನೆಟ್ಟಗೆ ಬಂತು.

"ಲೇತ್‌ನಾಗೆ ಟೂಲ್ ಅತಿ ಬಿಗಿದ್ರೂ ಕೆಲಸ ಕೆಡ್ತೈತೆ. ಸ್ವರ ಹಿಡೀಬ್ಯಾಡ, ಅದ್ರ ಮ್ಯಾಲೆ ನಿಂತ್ಕ. ಗಂಟಲಿಗೆ ಕೆಲ್ಸ ಕಡಿಮೆ ಕೊಡು. ಉಸಿರು ಹೊಟ್ಟೀಲಿಂದ ಬರ್ಲಿ, ಗದ್ದ ಸಡ್ಲ ಬಿಡು. ಮತ್ತೆ ಮೊದಲು ಕೇಳು. ನೀನು ಕೇಳಾಕಿಂತ ಮೊದ್ಲೇ ಹಾಡ್ತೀ."

ಧ್ವನಿ ಮರಳಲು ಹತ್ತು ದಿನ ಬೇಕಾಯಿತು. ಆ ಹತ್ತು ದಿನ ಬರೀ ಕೇಳಿದೆ. ತಂಬೂರಿಯ ನಾಲ್ಕು ತಂತಿ ಮೀಟಿ ಮುಗಿದ ಮೇಲೂ ಒಂದು ನಾದ ಉಳಿಯುತ್ತದಲ್ಲ, ಯಾರೂ ಮೀಟದೆ ಹುಟ್ಟುವ ಗಾಂಧಾರ, ಅದು ಮುಂದಿನ ಭಾನುವಾರ ಯಜಮಾನರ ಮನೆಯಲ್ಲಿ ಮೊದಲ ಬಾರಿಗೆ ನನಗೆ ಕೇಳಿಸಿತು. ಗುತ್ತೂರು ರಸ್ತೆಯಿಂದ ಬಸ್‌ಸ್ಟ್ಯಾಂಡಿನವರೆಗೆ ಓಡಿಕೊಂಡೇ ಬಂದೆ. ಯಾರಿಗಾದರೂ ಹೇಳಬೇಕಿತ್ತು. ಬಸ್ಸಿನಲ್ಲಿ ಪಕ್ಕದ ಹೆಂಗಸಿಗೆ ಪಿಸುಮಾತಿನಲ್ಲೇ ಹೇಳಿದೆ. ಆಕೆ ಪಾಪ, "ಹೌದೇನವ್ವ, ಡಾಕ್ಟ್ರಿಗೆ ತೋರಿಸ್ದ್ಯಾ?" ಅಂದಳು.

ಆಮೇಲೆ ಇನ್ನೊಂದು ತೊಡಕು ಕಂಡಿತು. ಈಗ ಸಾ ಗಟ್ಟಿಯಾಗುತ್ತಿತ್ತು, ಆದರೂ ಕಾಳು ಸುರಿಯುವ ಮುಂಚೆಯೇ ಕೂದಲೆಳೆಯಷ್ಟು ಇಳಿಯುತ್ತಿತ್ತು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿದಾಗ ಕಾರಣ ಗೊತ್ತಾಯಿತು. ಸುರಿಯುತ್ತಿದ್ದವಳು ನಾನೇ. ಡಬ್ಬಿ ಎತ್ತಲು ಕೈ ಹೋದ ಕೂಡಲೇ ಗಂಟಲು ತಾನಾಗಿ ಬಗ್ಗುತ್ತಿತ್ತು, ಏಟು ಬೀಳುವ ಮುಂಚೆ ಕತ್ತು ತಗ್ಗಿಸುವ ಮಗುವಿನ ಹಾಗೆ. ಅಂದರೆ ನನಗೆ ಹೇಳದೆ, ನನ್ನ ಬೆನ್ನ ಹಿಂದೆ, ಬೇರೆ ಯಾರಾದರೂ ಸುರಿಯಬೇಕಿತ್ತು.

ಹದಡಿಯಿಂದ ವಾರಕ್ಕೊಮ್ಮೆ ಜೋಳ ತರುವ ಒಬ್ಬ ಅಜ್ಜಿ ಇದ್ದಳು. ಅವಳ ಜೋಳದ ಹಿಟ್ಟು ಬೇರೆಯವರದರ ಜೊತೆ ಬೆರೆತರೆ ಗಿರಣಿಯನ್ನೇ ಸುಟ್ಟುಬಿಡುವಂಥವಳು. ಅವಳಿಗೆ ವಿಷಯ ಹೇಳಿದೆ. ನಾನು ಗೋಡೆ ಕಡೆ ಮುಖ ಮಾಡಿ ನಿಲ್ಲುತ್ತೇನೆ, ನೀನು ನಿನಗೆ ತೋಚಿದಾಗ ಸುರಿ ಎಂದೆ.

"ಅಷ್ಟೇ ಏನು? ಅದಕ್ಕೇನು ಸಂಗೀತ ಬ್ಯಾಡ್ವಲ್ಲ ನಂಗೆ?"

"ಬ್ಯಾಡ."

"ಹಂಗಾರೆ ತಿರುಗು ಆಕಡೆ."

ಅಜ್ಜಿ ಇದನ್ನು ಆಟ ಮಾಡಿಕೊಂಡಳು. ಸುರಿಯುವ ಹಾಗೆ ಗಿರಣಿಯ ಬಾಯಿಗೆ ಡಬ್ಬಿ ಬಡಿದು ಸುರಿಯುತ್ತಿರಲಿಲ್ಲ. ಸುಮ್ಮನೆ ಕೂತಿದ್ದಾಳೆ ಎಂದುಕೊಂಡಾಗ ಅರ್ಧ ಡಬ್ಬಿ ಒಮ್ಮೆಲೇ ಬೀಳುತ್ತಿತ್ತು. ನಾನು ಇಳಿದರೆ ಅವಳಿಗೆ ಕೇಳಿಸುತ್ತಿರಲಿಲ್ಲ, ಆದರೆ ನನ್ನ ಹೆಗಲು ನೋಡಿ ಕಂಡುಹಿಡಿಯುತ್ತಿದ್ದಳು. "ಬಿದ್ದಿ! ಬಿದ್ದಿ ನೋಡು!" ಎಂದು ಚಪ್ಪಾಳೆ. ಒಬ್ಬಳಿಂದ ಇನ್ನೊಬ್ಬರಿಗೆ ಸುದ್ದಿ ಹೋಗಿ, ಮಂಡಕ್ಕಿ ತಿನ್ನುತ್ತ ಸರದಿ ಕಾಯುವ ಎಲ್ಲರೂ ನನ್ನ ಬೆನ್ನ ಹಿಂದೆ ಕಾಳು ಸುರಿಯತೊಡಗಿದರು. ಅಪ್ಪ ಎಡಗೈಯಲ್ಲಿ ಹಿಟ್ಟು ತುಂಬುತ್ತ, "ಗಿರಣಿಗೆ ಬರ್ತಾರೋ ಜಾತ್ರಿಗೆ ಬರ್ತಾರೋ ಗೊತ್ತಾಗ್ತಿಲ್ಲ," ಎಂದು ಗೊಣಗುತ್ತಿದ್ದ. ಆದರೆ ಬೇಡ ಎನ್ನಲಿಲ್ಲ.

ಶ್ರಾವಣದ ಎರಡನೇ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಓಣಿಯ ತುದಿಯಲ್ಲಿ ಆಟೋ ನಿಂತಿತು. ಯಜಮಾನರು ಇಳಿದರು, ಹಿಂದೆಯೇ ಹಳೇ ಕೌದಿಯಲ್ಲಿ ಸುತ್ತಿದ ತಂಬೂರಿಯನ್ನು ಕೂಸಿನ ಹಾಗೆ ಎತ್ತಿಕೊಂಡು ಅವರ ಹೆಂಡತಿ.

"ಬರ್ರಿ, ಕೂಡ್ರಿ," ಎಂದು ಅಪ್ಪ ಹಿಟ್ಟಿನ ಸ್ಟೂಲನ್ನು ಟವೆಲಿನಿಂದ ಕೊಡವಿದ. ಧೂಳು ಇನ್ನಷ್ಟು ಎದ್ದಿತು. ಹದಡಿ ಅಜ್ಜಿಯೂ ಇದ್ದಳು, ನಾನೇ ಹೇಳಿ ಕಳಿಸಿದ್ದೆ. ಅತ್ತೆಗೆ ಯಾರೂ ಹೇಳಿರಲಿಲ್ಲ, ಆದರೂ ಬಂದು ಬಾಗಿಲಿಗೆ ಒರಗಿ ನಿಂತಿದ್ದಳು.

"ಬರಿದೇ ಓಡ್ಸು," ಅಂದರು ಯಜಮಾನರು.

ಸ್ವಿಚ್ ಹಾಕಿದೆ. ಗಿರಣಿ ಮೇಲೇರಿ ತನ್ನ ಸ್ವರಕ್ಕೆ ಬಂದು ನಿಂತಿತು. ಯಜಮಾನರು ತಂಬೂರಿಯನ್ನು ಕಿವಿಗೆ ಆನಿಸಿಕೊಂಡು ಬಿರಡೆ ತಿರುಗಿಸತೊಡಗಿದರು. ಅವರು ಏನು ಮಾಡುತ್ತಿದ್ದಾರೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಬಿಳಿ ಮನೆಗೂ ಅಲ್ಲ, ಕರಿ ಮನೆಗೂ ಅಲ್ಲ. ಅವರು ತಂಬೂರಿಯನ್ನು ಗಿರಣಿಗೆ ಹೊಂದಿಸುತ್ತಿದ್ದರು. ಎರಡು ಮನೆಯ ನಡುವಿನ ಆ ಗೋಡೆಗೆ. ತಂತಿಯ ಬುಡದ ಮುತ್ತು ಜರುಗಿಸಿ, ತಂತಿಯಡಿಯ ನೂಲೆಳೆ ಸರಿಪಡಿಸಿ, ಕೊನೆಗೆ ಹೆಂಡತಿಯ ಕೈಗೆ ಕೊಟ್ಟರು. ಆಕೆ ತಂಬೂರಿಯನ್ನು ನನ್ನ ಕಿವಿಯ ಪಕ್ಕಕ್ಕೆ ತಂದು ಮೀಟಿದರು.

"ಇದು ನಿನ್ನ ಸಾ," ಎಂದು ಯಜಮಾನರು ಗಿರಣಿಯ ಗದ್ದಲದ ಮೇಲೆ ಕೂಗಿ ಹೇಳಿದರು. "ಎಲ್ಲಿ ಹುಟ್ಟೈತೆ ಅನ್ನದು ತಪ್ಪಲ್ಲ. ನಿಲ್ತೈತಾ ಇಲ್ಲಾ ಅದಷ್ಟೇ ನೋಡದು. ಹಚ್ಚು."

ಗೋಡೆ ಕಡೆ ತಿರುಗಿದೆ. ಯಜಮಾನರು ನನ್ನ ಬಾಯಿಯ ಹತ್ತಿರಕ್ಕೆ ಕಿವಿ ತಂದು ನಿಂತರು. ಗದ್ದ ಸಡಿಲ ಬಿಟ್ಟೆ. ಮೊದಲು ಕೇಳಿದೆ. ಆಮೇಲೆ ಹಚ್ಚಿದೆ.

ಒಂದು ಉಸಿರು. ಎರಡು. ಹಿಂದೆ ಅಜ್ಜಿ ಡಬ್ಬಿ ಬಡಿದ ಸದ್ದು, ಸುರಿಯಲಿಲ್ಲ. ಮೂರನೇ ಉಸಿರಿನ ನಡುವೆ ಜೋಳ ಬಿತ್ತು. ಗಿರಣಿ ಧಡಕ್ಕನೆ ಇಳಿಯಿತು. ನೆಲ ಸರಿದ ಹಾಗೆ. ಅದು ನನ್ನನ್ನು ಎಳೆಯಿತು, ನಾಲ್ಕು ವರ್ಷದ ಸಲುಗೆಯಿಂದ ಎಳೆಯಿತು. ನಾನು ಅದರ ಜೊತೆ ಜಗಳ ಮಾಡಲಿಲ್ಲ. ನೀನು ಹೋಗು, ನಿನ್ನ ಕೆಲಸ ಇದೆ, ನಾನು ಇಲ್ಲಿರುತ್ತೇನೆ ಎಂದುಕೊಂಡೆ. ನಮ್ಮಿಬ್ಬರ ನಡುವೆ ಮೊದಲ ಸಲ ಸಂದು ಬಿತ್ತು. ಕಿವಿಗೆ ಕರಕರ ಎನ್ನುವ ಸಂದು. ಆ ಕರಕರವನ್ನು ಸಹಿಸಿಕೊಂಡು ನಿಲ್ಲುವುದೇ ಇಷ್ಟು ತಿಂಗಳ ಕೆಲಸವಾಗಿತ್ತು. ನಿಂತೆ. ನಾಲ್ಕು. ಐದು.

ಆರನೇ ಉಸಿರು ಎಳೆದುಕೊಂಡು ಹಚ್ಚಿದ್ದೆ, ಕರೆಂಟು ಹೋಯಿತು.

ಯಾರೂ ಇದನ್ನು ಯೋಚಿಸಿರಲಿಲ್ಲ. ಒಂದು ಎಳೆಯಲ್ಲ, ಗಿರಣಿ ಪೂರ್ತಿಯಾಗಿ ಕೆಳಗೆ ಜಾರತೊಡಗಿತು. ಮೋಟರಿನ ಪಟ್ಟಿ ನಿಧಾನವಾಯಿತು, ಕಲ್ಲು ಗುರುಗುಟ್ಟಿತು, ಸ್ವರ ಬಾವಿಗೆ ಬಿಟ್ಟ ಕೊಡದ ಹಾಗೆ ಇಳಿದು ಇಳಿದು ಇಳಿದು ಕೊನೆಗೆ ಟಕ್ ಟಕ್ ಎಂದು ನಿಂತಿತು. ಆ ನಿಶ್ಶಬ್ದದಲ್ಲಿ ನನ್ನ ಧ್ವನಿ ಒಂಟಿಯಾಗಿ ನನಗೇ ಕೇಳಿಸಿತು. ಗಿರಣಿಯಲ್ಲಿ ಹೀಗೆ ಬರಿಯ ನನ್ನ ಧ್ವನಿ ಕೇಳಿದ್ದು ಅದೇ ಮೊದಲು. ಪಕ್ಕದಲ್ಲಿ ತಂಬೂರಿ ಇತ್ತು. ನಾನು ಅದರ ಮೇಲೇ ಇದ್ದೆ.

ಉಸಿರು ಮುಗಿಯಿತು. ತಿರುಗಿ ನೋಡಿದೆ. ಯಜಮಾನರು ಹಾಗೇ ಮುಂದುವರಿಸು ಎಂದು ಕೈ ಆಡಿಸಿದರು. ಏಳನೇ ಉಸಿರು. ಎಂಟು. ಓಣಿಯಲ್ಲಿ ಯಾರೋ ಸೈಕಲ್ ನಿಲ್ಲಿಸಿದ್ದು ಕಂಡಿತು. ಅತ್ತೆ ಏನೋ ಹೇಳಲು ಬಾಯಿ ತೆಗೆದು, ತೆಗೆದ ಬಾಯಿಯನ್ನು ಹಾಗೇ ಬಿಟ್ಟಿದ್ದಳು. ಹದಡಿ ಅಜ್ಜಿ ನನ್ನ ಹೆಗಲನ್ನೇ ನೋಡುತ್ತಿದ್ದಳು, ಚಪ್ಪಾಳೆ ತಟ್ಟಲಿಲ್ಲ.

ಹತ್ತನೇ ಉಸಿರಿಗೆ ನಿಲ್ಲಿಸು ಎಂದರು.

ಆಮೇಲೆ ಅಜ್ಜಿ, "ಎಲ್ಲಾ ಸರಿ, ನನ್ನ ಜ್ವಾಳ ಅರ್ಧಕ್ಕೇ ನಿಂತೈತಲ್ಲ," ಅಂದಳು. ಅತ್ತೆಗೂ ಬಾಯಿ ಬಂತು. "ಆರು ತಿಂಗಳಿಗೆ ಒಂದು ಅಕ್ಷರ ಆತು. ಇನ್ನಾರು ಅದಾವೆ. ಅಷ್ಟರಾಗೆ ನಾನಿರ್ತೀನೋ ಇಲ್ಲೋ."

"ಇರ್ತೀಯ," ಎಂದೆ. "ಕೇಳಿಸ್ಕಂಡೇ ಹೋಗ್ತೀಯ."

ಯಜಮಾನರು ಹೊಗಳಲಿಲ್ಲ. ನಾನು ಕಾಯುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಅವರು ತಂಬೂರಿಗೆ ಕೌದಿ ಹೊದಿಸುತ್ತ, "ಈ ಭಾನುವಾರ ಬಾ. ಬರುವಾಗ ಒಂದು ನೋಟ್‌ಬುಕ್ ತಗಂಡು ಬಾ. ರೆ ಶುರು ಮಾಡನ," ಅಂದರು. ಅವರ ಹೆಂಡತಿ ಅಪ್ಪನಿಗೆ, "ಆ ಶ್ರುತಿ ಹಂಗೇ ಇರ್ಲಿ ಬಿಡ್ರಿ ತಂಬೂರಿಗೆ, ಇಳಿಸಲ್ಲ ನಾನು," ಅಂದರು. ಅಪ್ಪನಿಗೆ ಅದು ಅರ್ಥವಾಗಲಿಲ್ಲ. ಆದರೂ ಹೂಂ ಎಂದು, ಎಡಗೈಯಲ್ಲಿ ಕಣ್ಣು ಒರೆಸಿಕೊಂಡ. ಹಿಟ್ಟಿನ ಧೂಳು ಎಂದ.

ಅವರು ಆಟೋ ಹತ್ತುವಾಗ ಕರೆಂಟು ಬಂತು. ಸ್ವಿಚ್ ಹಾಕುವ ಮುಂಚೆ ನಾನು ಸುಮ್ಮನೆ ಸಾ ಹಚ್ಚಿ ನಿಂತೆ. ಆಮೇಲೆ ಸ್ವಿಚ್ ಒತ್ತಿದೆ. ಗಿರಣಿ ಕೆಳಗಿನಿಂದ ಗುರುಗುಟ್ಟುತ್ತ, ತಡವರಿಸುತ್ತ, ಉಳಿದಿದ್ದ ಅಜ್ಜಿಯ ಜೋಳವನ್ನು ಅಗಿಯುತ್ತ ಮೇಲೇರಿ ಬಂತು. ಕಾಳು ಮುಗಿದಾಗ ನಾನು ನಿಂತಿದ್ದ ಜಾಗಕ್ಕೆ ಅದೇ ಬಂದು ಸೇರಿತು.